ಮಳೆಗೆ ಬಯ್ಯಬೇಡಿ, ಮಣ್ಣನ್ನು ಕೇಳಿ

ಗೆಳೆಯರೇ, ಮೊದಲು ಒಂದು ಸಣ್ಣ ಕೆಲಸ ಮಾಡುವ. ನಮ್ಮ ಕಾಸರಗೋಡು, ಮಂಜೇಶ್ವರ ಕಡೆಯವರಾದರೆ ಹೆದ್ದಾರಿಗೋಸ್ಕರ ಗುಡ್ಡೆ ಕಡಿದ ಜಾಗ ನಿಮ್ಮ ಊರಿನ ಹತ್ತಿರ ಇದ್ದೇ ಇರ್ತದೆ. ಮೇಲೆ ಕೆಂಪು ಮುರಕಲ್ಲು, ಅದರ ಕೆಳಗೆ ಬಿಳಿ, ಗುಲಾಬಿ, ಹಳದಿ ಪಟ್ಟೆಗಳ ಮಣ್ಣು ಕಾಣ್ತದಲ್ಲ, ಅದರ ಒಂದು ಒಣ ಹೆಂಟೆ ತನ್ನಿ. ಅಡಿಕೆಯಷ್ಟು ದೊಡ್ಡದು ಸಾಕು. ಕಡಿದ ಗುಡ್ಡೆಯ ಬುಡಕ್ಕೆ ಹೋಗಬೇಡಿ, ರಸ್ತೆ ಬದಿಗೆ ಉದುರಿದ್ದೇ ಆಗ್ತದೆ. ಗಾಜಿನ ಲೋಟದಲ್ಲಿ ನೀರು ತೆಗೆದುಕೊಂಡು ಆ ಹೆಂಟೆಯನ್ನು ಮೆಲ್ಲಗೆ ಇಳಿಸಿ. ಕಲಕಬೇಡಿ. ಸುಮ್ಮನೆ ನೋಡ್ತಾ ಇರಿ.

ನಾವು ಮಾಡಿ ನೋಡಿದೆವು. ಬೆರಳಲ್ಲಿ ಒತ್ತಿದರೂ ಪುಡಿಯಾಗದೆ ಇದ್ದ ಹೆಂಟೆ ನೀರಿಗೆ ಬಿದ್ದ ಮೇಲೆ ಗುಳ್ಳೆ ಬಿಟ್ಟಿತು, ಅಂಚು ಉದುರಿತು, ಸ್ವಲ್ಪ ಹೊತ್ತಿನಲ್ಲಿ ಲೋಟದ ತಳದಲ್ಲಿ ಒಂದು ಸಣ್ಣ ರಾಶಿ ಆಯ್ತು. ಮೇಲಿನ ನೀರು ಮಜ್ಜಿಗೆಯ ಹಾಗೆ ಬೆಳ್ಳಗಾಯ್ತು. ಮನೆಯಲ್ಲಿ ಚಿಕ್ಕವರು "ಇನ್ನೊಂದು ಹಾಕಿ" ಅಂತ ಕುಣಿದರು. ನಮಗೆ ಮಾತ್ರ ಕುಣಿಯುವ ಮನಸ್ಸಾಗಲಿಲ್ಲ. ಇದೇ ಮಣ್ಣಿನ ಮೇಲೆ ಆರು ಲೇನಿನ ರಸ್ತೆ ಹೋಗ್ತದೆ, ಇದೇ ಮಣ್ಣಿನ ಗೋಡೆಯ ಮೇಲೆ ಎಷ್ಟೋ ಮನೆಗಳು ಕೂತಿವೆ.

ನಾವು ಎಂಜಿನಿಯರ್ ಅಲ್ಲ. ಓದಿದ್ದು ಬಿ.ಕಾಂ., ಕೆಲಸ ಬ್ಯಾಂಕಿನ ಕೌಂಟರಿನಲ್ಲಿ. ಹಾಗಾದರೆ ಮಣ್ಣಿನ ವಿಷಯ ನಮಗೆ ಯಾಕೆ ಅಂತ ನೀವು ಕೇಳಬಹುದು. ಕಾರಣ ಒಬ್ಬರು ಅಕ್ಕ. ಹೆಸರು, ಊರು ಹೇಳುವ ಹಾಗಿಲ್ಲ. ಮನೆ ಸಾಲ ಇನ್ನೂ ಏಳು ವರ್ಷ ಕಟ್ಟಲಿಕ್ಕೆ ಉಂಟು. ಕಳೆದ ಮಳೆಗಾಲದಲ್ಲಿ ಬಂದು ಇನ್ನೊಂದು ಸಾಲ ಸಿಗ್ತದಾ ಅಂತ ಕೇಳಿದರು. ಎಂತಕ್ಕೆ ಅಂದರೆ, ತಡೆಗೋಡೆ ಕಟ್ಟಲಿಕ್ಕೆ. ಮನೆಯ ಹಿಂದೆ ರಸ್ತೆಗೆ ಗುಡ್ಡೆ ಕಡಿದಿದ್ದಾರೆ, ಅಂಗಳದಲ್ಲಿ ಬಿರುಕು ಬಿದ್ದಿದೆ, ಬಚ್ಚಲು ಕೋಣೆಯ ಪಂಚಾಂಗ ಒಂದು ಕಡೆ ಕೂತಿದೆ. ಬ್ಯಾಂಕಿನವರು ಎಂತ ಮಾಡ್ತಾರೆ? ಜಾಗದ ಬೆಲೆ ನೋಡಲಿಕ್ಕೆ ವ್ಯಾಲ್ಯೂಯರನ್ನು ಕಳಿಸ್ತಾರೆ. ಅವರು ಬಿರುಕು ನೋಡಿ ಬೆಲೆ ಇಳಿಸ್ತಾರೆ. ಬೆಲೆ ಇಳಿದರೆ ಸಾಲ ಇಲ್ಲ. ಅಂದರೆ, ಗೋಡೆ ಬೇಕಾದದ್ದು ಯಾವ ಕಾರಣಕ್ಕೋ ಅದೇ ಕಾರಣಕ್ಕೆ ಗೋಡೆಗೆ ದುಡ್ಡು ಸಿಗಲಿಲ್ಲ. ಫಾರ್ಮ್ ವಾಪಸ್ ಕೊಟ್ಟದ್ದು ನಮ್ಮದೇ ಕೈ. ಆ ದಿನದಿಂದ ಈ ಮಣ್ಣಿನ ಬಗ್ಗೆ ಸಿಕ್ಕಿದ್ದೆಲ್ಲ ಓದಲಿಕ್ಕೆ ಶುರು ಮಾಡಿದೆವು.

ಓದಿದಾಗ ಮೊದಲು ಗೊತ್ತಾದ ಸಂಗತಿ: ಈ ಮಣ್ಣಿನ ಹೆಸರು ನಮ್ಮದೇ. ಇಂಗ್ಲಿಷಿನಲ್ಲಿ ಇದನ್ನು ಲಿಥೋಮಾರ್ಜ್ ಅಂತಾರೆ. ಆದರೆ ಸುರತ್ಕಲ್ಲಿನ ಎನ್‌ಐಟಿಕೆಯವರು ವರ್ಷಗಳಿಂದ ಬರೆಯುತ್ತಾ ಬಂದ ಸಂಶೋಧನಾ ಪ್ರಬಂಧಗಳಲ್ಲಿ ಇದರ ಹೆಸರು "ಶೇಡಿ ಸಾಯಿಲ್". ನಮ್ಮ ಅಜ್ಜಿಯಂದಿರು ಹಬ್ಬಕ್ಕೆ ತುಳಸಿಕಟ್ಟೆಗೆ ಬಳಿಯುತ್ತಿದ್ದ ಶೇಡಿ. ಆ ಶಬ್ದ ಪ್ರಯೋಗಶಾಲೆಯವರೆಗೆ ಹೋಗಿ ಕೂತಿದೆ. ನಮ್ಮ ಊರಿನ ಹೆದ್ದಾರಿಯ ಬುಡಕ್ಕೆ ಮಾತ್ರ ಸರಿಯಾಗಿ ಬರಲಿಲ್ಲ ಅನ್ನುವುದು ನಮ್ಮ ತಕರಾರು.

ಶೇಡಿಯ ಕಥೆ ಹೀಗುಂಟು. ಅಡಿಯಲ್ಲಿ ಗಟ್ಟಿ ಕಪ್ಪು ಬಂಡೆ. ಲಕ್ಷಾಂತರ ವರ್ಷದ ಮಳೆ, ಬಿಸಿಲಿಗೆ ಆ ಬಂಡೆಯ ಮೇಲ್ಭಾಗ ಕೊಳೆತು ಮಣ್ಣಾಗಿದೆ. ಎಲ್ಲಕ್ಕಿಂತ ಮೇಲಿನ ಪದರದಲ್ಲಿ ಕಬ್ಬಿಣದ ಅಂಶ ಉಳಿದು ಗಟ್ಟಿಯಾಗಿ ಮುರಕಲ್ಲಾಯ್ತು. ನಡುವಿನ ಪದರ ಕಲ್ಲೂ ಅಲ್ಲ, ಸರಿಯಾದ ಜೇಡಿಯೂ ಅಲ್ಲದ ಹಾಗೆ ಉಳಿಯಿತು. ಅದೇ ಶೇಡಿ. ಅದರಲ್ಲಿ ಹೆಚ್ಚಾಗಿ ಇರುವುದು ತೀರಾ ನುಣುಪಾದ ಧೂಳಿನಂಥ ಕಣ. ಕಣಕ್ಕೂ ಕಣಕ್ಕೂ ಅಂಟು ಕಡಿಮೆ. ಒಣಗಿದಾಗ ಗೋಡೆಯ ಹಾಗೆ ನೆಟ್ಟಗೆ ನಿಲ್ಲುತ್ತದೆ. ಬೇಸಗೆಯಲ್ಲಿ ಹಿಟಾಚಿ ಕಡಿದದ್ದನ್ನು ನೋಡಿದರೆ, ಅಬ್ಬಾ ಎಷ್ಟು ಗಟ್ಟಿ ಅನಿಸ್ತದೆ. ಜೂನ್ ಬಂದು ಒಳಗೆ ನೀರು ಹೊಕ್ಕಿತು ಅಂದರೆ ಆ ಬಲ ಹೋಗ್ತದೆ, ಕಣಗಳು ನೀರಿನ ಜೊತೆ ಹೊರಟು ಬಿಡ್ತವೆ.

ನಮ್ಮ ಹಿರಿಯರಿಗೆ ಇದು ಪುಸ್ತಕ ಇಲ್ಲದೆ ಗೊತ್ತಿತ್ತು. ಬಾಯಾರು, ಪೈವಳಿಕೆ, ಎಣ್ಮಕಜೆ ಕಡೆ ಗುಡ್ಡೆಯ ಹೊಟ್ಟೆಗೆ ಸುರಂಗ ಕೊರೆದು ನೀರು ತಂದವರು ಇದ್ದಾರೆ. ಗಡಿಯ ಆಚೆ ಅಡ್ಯನಡ್ಕದ ಅಮೈ ಮಹಾಲಿಂಗ ನಾಯ್ಕರಿಗೆ ಅದೇ ದುಡಿಮೆಗೆ 2022ರಲ್ಲಿ ಪದ್ಮಶ್ರೀ ಬಂತು. ಸುರಂಗ ತೋಡುವವರಿಗೆ ಮಣ್ಣು ನೋಡುವುದು ಜೀವದ ಪ್ರಶ್ನೆ. ಮುರಕಲ್ಲಿನಲ್ಲಿ ಗುದ್ದಲಿ ಧೈರ್ಯವಾಗಿ ಹೋಗ್ತದೆ. ಮೆದು ಮಣ್ಣು ಸಿಕ್ಕಿತು ಅಂದರೆ ಕೈ ತಡೆಯುತ್ತದೆ. ಒಬ್ಬ ಮನುಷ್ಯ ಬಗ್ಗಿ ಹೋಗುವಷ್ಟು ಅಗಲದ ತೂತಿಗೇ ಅಷ್ಟು ಜಾಗ್ರತೆ ಬೇಕಾದರೆ, 45 ಮೀಟರ್ ಅಗಲದ ರಸ್ತೆಗೆ ಎಷ್ಟು ಬೇಕು?

ಶೇಡಿ ಒಂದೇ ಅಲ್ಲ, ಒದ್ದೆಯಾದರೆ ಕುಸಿಯುವ ಮಣ್ಣಿನ ದೊಡ್ಡ ಸಂಸಾರವೇ ಉಂಟು. ಪುಸ್ತಕದಲ್ಲಿ ಕೊಲ್ಯಾಪ್ಸಿಬಲ್ ಸಾಯಿಲ್ ಅಂದರೆ ಮೊದಲು ಬರುವುದು ಲೋಯೆಸ್. ಗಾಳಿ ಹೊತ್ತು ತಂದು ಹಾಕಿದ ಧೂಳಿನ ಮಣ್ಣು, ಚೀನಾದಲ್ಲಿ ಊರುಗಟ್ಟಲೆ ಉಂಟು. ನಮ್ಮ ಶೇಡಿ ಹುಟ್ಟಿದ್ದು ಬೇರೆ ರೀತಿ, ಪರೀಕ್ಷೆಯ ವಿವರವೂ ಬೇರೆ. ಮೂಲ ಪಾಠ ಮಾತ್ರ ಒಂದೇ. ಕಣಗಳು ಒಂದಕ್ಕೊಂದು ಒತ್ತಿ ಕೂತಿರುವುದಿಲ್ಲ, ನಡುವೆ ಖಾಲಿ ಜಾಗ ಇಟ್ಟುಕೊಂಡು ಸ್ವಲ್ಪ ಉಪ್ಪು, ಸ್ವಲ್ಪ ಜೇಡಿಯ ಅಂಟಿನಲ್ಲಿ ನಿಂತಿರ್ತವೆ. ನೀರು ಆ ಅಂಟನ್ನು ಕರಗಿಸ್ತದೆ. ಮೇಲೆ ಭಾರ ಇದ್ದರೆ ಖಾಲಿ ಜಾಗ ಮುಚ್ಚಿ ಮಣ್ಣು ಥಟ್ಟನೆ ಕೆಳಗೆ ಕೂರ್ತದೆ. ಇದಕ್ಕೆ ತಿಂಗಳುಗಟ್ಟಲೆ ಬೇಕಾಗಿಲ್ಲ, ಒಂದು ಜೋರು ಮಳೆ ಸಾಕು.

ಎಷ್ಟು ಕೂರ್ತದೆ ಅಂತ ಮೊದಲೇ ಅಳೆಯಲಿಕ್ಕೆ ಆಗ್ತದೆ, ಅದೇ ಮುಖ್ಯ. ಕೆಳಗಿನ ಮಣ್ಣನ್ನು ಕದಡದೆ ತೆಗೆದು ಒಂದು ಉಂಗುರದಲ್ಲಿ ಇಡ್ತಾರೆ, ಮೇಲೆ ಭಾರ ಹೇರುತ್ತಾರೆ, ಆಮೇಲೆ ನೀರು ಬಿಡ್ತಾರೆ. ನೀರು ಬಿಟ್ಟ ಮೇಲೆ ಎತ್ತರ ಶೇಕಡ ಎಷ್ಟು ಇಳಿಯಿತು ಅಂತ ನೋಡ್ತಾರೆ. ಜೆನ್ನಿಂಗ್ಸ್ ಮತ್ತು ನೈಟ್ ಎಂಬ ಇಬ್ಬರು 1975ರಲ್ಲಿ ಇದಕ್ಕೊಂದು ಪಟ್ಟಿ ಕೊಟ್ಟಿದ್ದಾರೆ. ಶೇಕಡ 1ಕ್ಕಿಂತ ಕಡಿಮೆ ಇಳಿದರೆ ತೊಂದರೆ ಇಲ್ಲ, 5 ದಾಟಿದರೆ ತೊಂದರೆ, 10 ದಾಟಿದರೆ ಗಂಭೀರ. ನಮಗೆ ಶೇಕಡಾವಾರು ಲೆಕ್ಕ ಅಂದರೆ ಅನ್ನ ಸಾರು. ಅಂಥ ಮಣ್ಣಿನ ಪದರ 4 ಮೀಟರ್ ದಪ್ಪ ಉಂಟು, ಶೇಕಡ 5 ಇಳಿಯಿತು ಅಂತ ಇಟ್ಟುಕೊಳ್ಳಿ. 20 ಸೆಂಟಿಮೀಟರ್ ಆಯ್ತು, ಒಂದು ಗೇಣು. ಹೆದ್ದಾರಿಯ ಒಂದು ಕಡೆ ಒಂದು ಗೇಣು ಕೂತು ಇನ್ನೊಂದು ಕಡೆ ಹಾಗೇ ಇದ್ದರೆ, ರಾತ್ರಿ ಬರುವ ಬೈಕಿನವನ ಗತಿ ಎಂತ?

ಈಗ ನಡೆದದ್ದನ್ನು ನೋಡುವ. 2025ರ ಮೇ 12ರಂದು ನಮ್ಮ ಜಿಲ್ಲೆಯ ಚೆರ್ವತ್ತೂರು ಹತ್ತಿರ ಮಟ್ಟಲಾಯಿಯಲ್ಲಿ ಹೆದ್ದಾರಿ ಕೆಲಸದ ಜಾಗದಲ್ಲಿ ಗುಡ್ಡೆ ಜರಿದು ಹೊರರಾಜ್ಯದಿಂದ ದುಡಿಯಲಿಕ್ಕೆ ಬಂದಿದ್ದ ಒಬ್ಬ ಕಾರ್ಮಿಕ ಸತ್ತ. ಒಂದು ವಾರ ಕಳೆದು ಮೇ 19ಕ್ಕೆ ಮಲಪ್ಪುರಂ ಜಿಲ್ಲೆಯ ಕೂರಿಯಾಡಿನಲ್ಲಿ ಗದ್ದೆಯ ಮೇಲೆ ಮಣ್ಣು ತುಂಬಿ ಎತ್ತರಿಸಿದ ರಸ್ತೆಯೇ ಕುಸಿದು ಸರ್ವಿಸ್ ರಸ್ತೆಯ ಮೇಲೆ ಬಂತು. ಜುಲೈ 23ಕ್ಕೆ ಚೆರ್ವತ್ತೂರಿನದ್ದೇ ವೀರಮಲೆ ಗುಡ್ಡೆ ರಸ್ತೆಗೆ ಬಿತ್ತು, ಕಾರಿನಲ್ಲಿ ಹೋಗುತ್ತಿದ್ದ ಅಧ್ಯಾಪಿಕೆಯೊಬ್ಬರು ಸ್ವಲ್ಪದರಲ್ಲಿ ಪಾರಾದರು. ಡಿಸೆಂಬರಿನಲ್ಲಿ ಕೊಲ್ಲಂ ಜಿಲ್ಲೆಯಲ್ಲಿ ಇನ್ನೊಂದು ಕಡೆ ಕುಸಿಯಿತು. ಅದಾದ ಮೇಲೆ ಹೆದ್ದಾರಿ ಪ್ರಾಧಿಕಾರದವರು ಕೇರಳದಲ್ಲಿ ಮುನ್ನೂರಕ್ಕೂ ಹೆಚ್ಚು ಜಾಗಗಳ ಮಣ್ಣನ್ನು ಪರೀಕ್ಷೆ ಮಾಡಿಸ್ತೇವೆ ಅಂತ ಹೊರಟರು.

ಒಳ್ಳೆಯದು. ಆದರೆ ಇದು ಗೋಡೆಗೆ ಸಾರಣೆ ಆದ ಮೇಲೆ ಪಂಚಾಂಗ ಹೇಗುಂಟು ಅಂತ ಕೇಳಿದ ಹಾಗೆ.

ಇದು ಕೇರಳದವರ ತಪ್ಪು, ನಮ್ಮ ಕರ್ನಾಟಕದಲ್ಲಿ ಹೀಗಾಗ್ತಿರಲಿಲ್ಲ ಅಂತ ಯಾರಾದರೂ ಬರೆಯುವ ಮೊದಲು ಶಿರೂರನ್ನು ನೆನಪು ಮಾಡಿಕೊಳ್ಳಿ. 2024ರ ಜುಲೈ 16, ಅಂಕೋಲಾ ತಾಲೂಕು, ಇದೇ 66ನೇ ಹೆದ್ದಾರಿ. ಗುಡ್ಡೆ ಜರಿದು ಚಹಾದಂಗಡಿಯ ಕುಟುಂಬ ಮಣ್ಣುಪಾಲಾಯ್ತು. ಕೋಝಿಕ್ಕೋಡಿನ ಲಾರಿ ಚಾಲಕನ ದೇಹ ನದಿಯಿಂದ ಸಿಗಲಿಕ್ಕೆ ಎರಡು ತಿಂಗಳು ಬೇಕಾಯ್ತು. ಗೋವಾದ ಪೆರ್ಣೆಯಲ್ಲಿ ಕೊಂಕಣ ರೈಲಿನ ಸುರಂಗದ ಗೋಡೆ 2020ರ ಆಗಸ್ಟಿನಲ್ಲಿ ಕುಸಿಯಿತು, 2024ರ ಜುಲೈಯಲ್ಲಿ ಅದೇ ಸುರಂಗಕ್ಕೆ ಕೆಸರು ನೀರು ನುಗ್ಗಿ ರೈಲು ನಿಂತಿತು. ಗುಡ್ಡೆಗೆ ರಾಜ್ಯದ ಗಡಿ ಗೊತ್ತಿಲ್ಲ. ಮಲಯಾಳಿಯ ಮನೆ, ಕನ್ನಡಿಗನ ಮನೆ ಅಂತ ಆರಿಸಿ ಅದು ಜರಿಯುವುದಿಲ್ಲ.

ಪ್ರತಿ ಸಲವೂ ಕೇಳುವ ಉತ್ತರ ಒಂದೇ: "ಮಳೆ ತುಂಬಾ ಬಂತು." ಮಾರಾಯ್ರೇ, ಕಾಸರಗೋಡಿಗೆ ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ. ಅದು ಈ ವರ್ಷ ಮಾತ್ರ ಬಂದ ನೆಂಟ ಅಲ್ಲ. ಮಳೆ ಬರ್ತದೆ ಅಂತ ಗೊತ್ತಿದ್ದೇ ನಾವು ಇಲ್ಲಿ ಮಾಡಿನ ಇಳಿಜಾರು ಜಾಸ್ತಿ ಇಡ್ತೇವೆ, ಅಡಿಕೆ ತೋಟಕ್ಕೆ ಕಣಿ ತೋಡ್ತೇವೆ. ಎಲ್ಲರಿಗೂ ಗೊತ್ತಿರುವ ಖರ್ಚನ್ನು ಬಜೆಟಿನಲ್ಲಿ ಹಾಕದೆ, ಆಮೇಲೆ "ಅನಿರೀಕ್ಷಿತ ವೆಚ್ಚ" ಅಂತ ತೋರಿಸಿದರೆ ಯಾವ ಆಡಿಟರ್ ಒಪ್ಪುತ್ತಾನೆ?

ಹಾಗಾದರೆ ಇಂಥ ಮಣ್ಣಿನ ಮೇಲೆ ರಸ್ತೆ ಮಾಡಲಿಕ್ಕೇ ಆಗುವುದಿಲ್ಲವಾ? ಆಗ್ತದೆ. ಅದಕ್ಕೆ ದಾರಿ ಹಲವು ಉಂಟು, ಹೊಸದು ಯಾವುದೂ ಅಲ್ಲ.

ಮೊದಲನೆಯದು ನೀರು. ಮಣ್ಣನ್ನು ಒಣಗಿಸಿ ಇಡಲಿಕ್ಕೆ ಆದರೆ ಅರ್ಧ ಕೆಲಸ ಮುಗಿದ ಹಾಗೆ. ಕಡಿದ ಗುಡ್ಡೆಯ ನೆತ್ತಿಯಲ್ಲಿ ಕಣಿ ತೋಡಿ ಮಳೆ ನೀರನ್ನು ಬದಿಗೆ ತಿರುಗಿಸಬೇಕು. ಇಳಿಜಾರನ್ನು ಮೆಟ್ಟಿಲು ಮೆಟ್ಟಿಲಾಗಿ ಕಡಿಯಬೇಕು, ಪ್ರತಿ ಮೆಟ್ಟಿಲಿಗೂ ಚರಂಡಿ ಬೇಕು. ಸಾಯಿಲ್ ನೈಲಿಂಗ್ ಅಂತ ಗುಡ್ಡೆಗೆ ಕಬ್ಬಿಣದ ಸರಳು ಹೊಡೆದು, ಬಲೆ ಹಾಕಿ, ಸಿಮೆಂಟ್ ಚಿಮುಕಿಸುತ್ತಾರಲ್ಲ, ಅದು ಒಳ್ಳೆಯ ವಿಧಾನವೇ. ಆದರೆ ಒಳಗಿನ ನೀರು ಹೊರಗೆ ಬರಲಿಕ್ಕೆ ತೂತು, ಪೈಪು ಇಲ್ಲದಿದ್ದರೆ ಆ ಸಿಮೆಂಟ್ ಗೋಡೆಯೇ ಅಣೆಕಟ್ಟು. ಹಿಂದೆ ನೀರು ತುಂಬಿ ಎಲ್ಲವನ್ನೂ ಒಟ್ಟಿಗೆ ದೂಡಿಕೊಂಡು ಬರ್ತದೆ.

ಎರಡನೆಯದು ತೆಗೆದು ಬದಲಿಸುವುದು. ಕೆಟ್ಟ ಮಣ್ಣಿನ ಪದರ ತೆಳ್ಳಗಿದ್ದರೆ ಅಗೆದು ತೆಗೆದು, ಒಳ್ಳೆಯ ಗ್ರಾವೆಲ್ ಮಣ್ಣನ್ನು ಪದರ ಪದರವಾಗಿ ಹಾಕಿ ರೋಲರ್ ಹೊಡೆಯುವುದು. ಒಣ ಮಣ್ಣಿಗೆ ರೋಲರ್ ಹೊಡೆದರೆ ಆಗುವುದಿಲ್ಲ, ಕೆಸರಿಗೆ ಹೊಡೆದರೂ ಇಲ್ಲ. ಪ್ರತಿ ಮಣ್ಣಿಗೂ ಚೆನ್ನಾಗಿ ಒತ್ತಿ ಕೂರುವ ಒಂದು ತೇವದ ಅಳತೆ ಉಂಟು. ಅದನ್ನು ಪ್ರಯೋಗಶಾಲೆಯಲ್ಲಿ ಕಂಡುಹಿಡಿದು, ಅಲ್ಲಿ ಸಿಕ್ಕಿದ ಗಟ್ಟಿತನದ ಶೇಕಡ 97ರಷ್ಟನ್ನಾದರೂ ಡಾಂಬರಿನ ಕೆಳಗಿನ ಕೊನೆಯ ಅರ್ಧ ಮೀಟರಿನಲ್ಲಿ ಮುಟ್ಟಬೇಕು ಅಂತ ಸರಕಾರದ ನಿಯಮವೇ ಹೇಳ್ತದೆ.

ಮೂರನೆಯದು ಮಣ್ಣಿಗೆ ಮದ್ದು. ಸಿಮೆಂಟ್, ಸುಣ್ಣ, ಹಾರುಬೂದಿ, ಉಕ್ಕಿನ ಕಾರ್ಖಾನೆಯ ಸ್ಲ್ಯಾಗ್ ಪುಡಿ, ಇವುಗಳನ್ನು ಮಣ್ಣಿಗೆ ಕಲಸಿ, ನೀರು ಹಾಕಿ, ಒತ್ತಿ, ಕೆಲವು ದಿನ ಹದವಾಗಲಿಕ್ಕೆ ಬಿಡುವುದು. ಸುಣ್ಣ, ಸಿಮೆಂಟ್ ಆದರೆ ಸಾಮಾನ್ಯವಾಗಿ ಒಣ ಮಣ್ಣಿನ ತೂಕದ ಶೇಕಡ 3ರಿಂದ 8ರವರೆಗೆ ಬೇಕಾಗ್ತದೆ. ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನವರು 2010ರಲ್ಲೇ ಇದಕ್ಕೆ ಕೈಪಿಡಿ ತಂದಿದ್ದಾರೆ. ಶೇಡಿಗೆ ಸಿಮೆಂಟ್, ಸ್ಲ್ಯಾಗ್ ಹಾಕಿ ಬಲ ಬರಿಸುವ ಪ್ರಯೋಗಗಳು ಸುರತ್ಕಲ್ಲಿನಲ್ಲೇ ಆಗಿವೆ. ತಲಪಾಡಿಯಿಂದ ಒಂದು ಗಂಟೆಯ ದಾರಿಯೂ ಇಲ್ಲ.

ನಾಲ್ಕನೆಯದು ಆಳದ ರೋಗಕ್ಕೆ. ಗದ್ದೆ, ಕೆಸರು ನೆಲದ ಮೇಲೆ ಎತ್ತರಕ್ಕೆ ಮಣ್ಣು ತುಂಬುವುದಾದರೆ ಮೇಲಿನ ಅರ್ಧ ಮೀಟರ್ ಗಟ್ಟಿ ಮಾಡಿ ಪ್ರಯೋಜನ ಇಲ್ಲ. ಕೆಳಗಿನ ನೆಲವೇ ಆ ಭಾರ ಹೊರಬೇಕು. ಅಲ್ಲಿ ಜಲ್ಲಿಯ ಕಂಬಗಳನ್ನು ನೆಲದೊಳಗೆ ಇಳಿಸಬೇಕು, ಇಲ್ಲವಾದರೆ ಮಣ್ಣು ತುಂಬುವ ಆಸೆ ಬಿಟ್ಟು ಕಾಂಕ್ರೀಟ್ ಕಂಬದ ಮೇಲೆ ಸೇತುವೆ ಮಾಡಬೇಕು. ಕೂರಿಯಾಡಿನಲ್ಲಿ ಕೊನೆಗೆ ಆದ ತೀರ್ಮಾನವೂ ಅದೇ, ಸೇತುವೆ.

ಈಗ ಸೊಲ್ಲಾಪುರ, ಅಕ್ಕಲಕೋಟೆ, ಜತ್ತ, ಆದೋನಿ ಕಡೆಯ ಗೆಳೆಯರು "ನಮ್ಮಲ್ಲಿ ಶೇಡಿ ಎಲ್ಲಿ ಬಂತು" ಅಂತ ಕೇಳಬಹುದು. ನಿಮ್ಮದು ಎರೆ ಭೂಮಿ. ಅದರ ಗುಣ ಉಲ್ಟಾ. ಒದ್ದೆಯಾದರೆ ಉಬ್ಬುತ್ತದೆ, ಒಣಗಿದರೆ ಕುಗ್ಗಿ ಕೈ ಹೋಗುವಷ್ಟು ಬಿರುಕು ಬಿಡ್ತದೆ. ರಸ್ತೆ ಮಾಡಿದ ಎರಡೇ ವರ್ಷಕ್ಕೆ ಅಲೆ ಅಲೆಯಾಗುವುದು, ಉದ್ದಕ್ಕೆ ಸೀಳುವುದು ಅದರಿಂದಲೇ. ನಿಮ್ಮ ಮಣ್ಣಿಗೆ ಸುಣ್ಣ ಚೆನ್ನಾಗಿ ಹಿಡಿಸ್ತದೆ. ಅದಕ್ಕೂ ಒಂದು ಸುಲಭದ ಪರೀಕ್ಷೆ ಉಂಟು. ಜರಡಿ ಹಿಡಿದ ಒಣ ಮಣ್ಣನ್ನು 10 ಗ್ರಾಂ, 10 ಗ್ರಾಂ ಎರಡು ಪಾಲು ಮಾಡಿ. ಗೆರೆ ಇರುವ 100 ಮಿಲಿಲೀಟರಿನ ಎರಡು ಗಾಜಿನ ಜಾಡಿ ತೆಗೆದುಕೊಂಡು ಒಂದಕ್ಕೆ ನೀರು, ಇನ್ನೊಂದಕ್ಕೆ ಸೀಮೆಎಣ್ಣೆ ಹಾಕಿ ಮಣ್ಣು ಬಿಡಿ. 24 ಗಂಟೆ ಬಿಟ್ಟು ನೋಡಿ. ಸೀಮೆಎಣ್ಣೆಯಲ್ಲಿ ಮಣ್ಣು ಉಬ್ಬುವುದಿಲ್ಲ. ನೀರಿನದ್ದು ಅದಕ್ಕಿಂತ ಒಂದೂವರೆ ಪಾಲಿಗೂ ಹೆಚ್ಚು ಜಾಗ ಹಿಡಿದರೆ, ಅಂಥ ಮಣ್ಣನ್ನು ಹೆದ್ದಾರಿಯ ತುಂಬುಮಣ್ಣಾಗಿ ಬಳಸುವ ಹಾಗಿಲ್ಲ ಅಂತ ಕೇಂದ್ರ ರಸ್ತೆ ಇಲಾಖೆಯ ನಿಯಮ ಉಂಟು. ಕಾಲೇಜಿನ ಲ್ಯಾಬಿನಲ್ಲಿ ಒಂದು ದಿನದ ಕೆಲಸ.

ಇನ್ನು ನಮ್ಮ ಕೆಲಸಕ್ಕೆ ಬರುವ, ದುಡ್ಡಿನ ಲೆಕ್ಕಕ್ಕೆ. ಮಣ್ಣಿಗೆ ಮದ್ದು ಹಾಕುವುದು ದುಬಾರಿ ಅಂತ ಹೇಳ್ತಾರೆ. ನಾವೇ ಕೂತು ಒಂದು ಅಂದಾಜು ಮಾಡಿದೆವು. 30 ಮೀಟರ್ ಅಗಲ, ಅರ್ಧ ಮೀಟರ್ ದಪ್ಪ, ಒಂದು ಕಿಲೋಮೀಟರ್ ಉದ್ದ. 15,000 ಘನ ಮೀಟರ್ ಮಣ್ಣು. ಘನ ಮೀಟರಿಗೆ 1.8 ಟನ್ ಹಿಡಿದರೆ 27,000 ಟನ್. ಅದಕ್ಕೆ ಶೇಕಡ 4 ಸಿಮೆಂಟ್ ಅಂದರೆ 1,080 ಟನ್, ಚೀಲದ ಲೆಕ್ಕದಲ್ಲಿ 21,600 ಚೀಲ. ಚೀಲಕ್ಕೆ 350 ರೂಪಾಯಿ ಇಟ್ಟರೆ 75 ಲಕ್ಷದ 60 ಸಾವಿರ. ಕಲಸುವ ಯಂತ್ರ, ಕೂಲಿ ಬೇರೆ. ಅದನ್ನೂ ಸೇರಿಸಿ ದುಪ್ಪಟ್ಟೇ ಆಗಲಿ, ಒಂದೂವರೆ ಕೋಟಿ. ತಲಪಾಡಿಯಿಂದ ಚೆಂಗಳದವರೆಗಿನ 39 ಕಿಲೋಮೀಟರಿನ ಗುತ್ತಿಗೆ ಸುಮಾರು 1,700 ಕೋಟಿಯದ್ದು. ಕಿಲೋಮೀಟರಿಗೆ 43 ಕೋಟಿ ಚಿಲ್ಲರೆ. ಅಂದರೆ ಮದ್ದಿನ ಖರ್ಚು ನೂರಕ್ಕೆ ಮೂರೂವರೆ ರೂಪಾಯಿ, ಅದೂ ಶೇಡಿ ಸಿಕ್ಕಿದ ಕಡೆ ಮಾತ್ರ. ಇನ್ನೊಂದು ಕಡೆ, ಕೂರಿಯಾಡಿನಲ್ಲಿ ಕುಸಿದ ಜಾಗಕ್ಕೆ ಗುತ್ತಿಗೆದಾರ ತನ್ನ ಕೈಯಿಂದ ಕಟ್ಟಬೇಕಾದ ಸೇತುವೆಗೆ ಪ್ರಾಧಿಕಾರ ಹೇಳಿದ ಅಂದಾಜು 85 ಕೋಟಿ. ಎರಡು ಜಾಗದ ರೋಗ ಒಂದೇ ಅಲ್ಲ, ಮದ್ದೂ ಒಂದೇ ಅಲ್ಲ, ಅದು ನಮಗೂ ಗೊತ್ತುಂಟು. ಆದರೆ ಮೊದಲೇ ಮಣ್ಣು ನೋಡುವುದಕ್ಕೂ ಬಿದ್ದ ಮೇಲೆ ನೋಡುವುದಕ್ಕೂ ಇರುವ ವ್ಯತ್ಯಾಸ ಈ ಅಂಕೆಗಳಲ್ಲಿ ಕಾಣ್ತದೆ.

ಇದಕ್ಕಿಂತ ದೊಡ್ಡ ಪ್ರಶ್ನೆ, ಖರ್ಚು ಯಾರ ಪುಸ್ತಕದಲ್ಲಿ ಬರ್ತದೆ ಅನ್ನುವುದು. ನಮ್ಮ ಜಿಲ್ಲೆಯ ಹೆದ್ದಾರಿ ಕೆಲಸ ಹೈಬ್ರಿಡ್ ಆನ್ಯುಯಿಟಿ ಅನ್ನುವ ಪದ್ಧತಿಯಲ್ಲಿ ಆದದ್ದು. ಸರಕಾರ ವೆಚ್ಚದ ಶೇಕಡ 40ನ್ನು ಕೆಲಸ ನಡೆಯುವಾಗ ಕೊಡ್ತದೆ. ಉಳಿದ 60ನ್ನು 15 ವರ್ಷ ಕಂತಿನಲ್ಲಿ ಕೊಡ್ತದೆ, ಅಷ್ಟು ವರ್ಷ ರಸ್ತೆಯ ನಿರ್ವಹಣೆ ಗುತ್ತಿಗೆದಾರನದ್ದೇ. ಯೋಚನೆ ಒಳ್ಳೆಯದು. ರಸ್ತೆ ಹಾಳಾದರೆ ಅವನಿಗೇ ನಷ್ಟ, ಹಾಗಾಗಿ ಮೊದಲೇ ಸರಿ ಮಾಡ್ತಾನೆ ಅನ್ನುವ ಲೆಕ್ಕ. ಆದರೆ ಅವನ ಪುಸ್ತಕ 45 ಮೀಟರಿಗೆ ಮುಗೀತದೆ. ಅದರ ಆಚೆಗೆ ಇರುವ ಆ ಅಕ್ಕನ ಅಂಗಳ, ಬಾವಿ, ಬಚ್ಚಲು ಕೋಣೆ ಯಾರ ಪುಸ್ತಕದಲ್ಲೂ ಇಲ್ಲ. ನೆತ್ತಿಯಲ್ಲಿ ಕಣಿ ತೋಡದೆ ಉಳಿಸಿದ ದುಡ್ಡು ಗುತ್ತಿಗೆಯ ಲೆಕ್ಕದಲ್ಲಿ ಲಾಭ. ಅದೇ ದುಡ್ಡು ಅಕ್ಕನ ಲೆಕ್ಕದಲ್ಲಿ ಸಾಲ. ಕಾಮರ್ಸ್ ಓದಿದವರಿಗೆ ಇದು ಗೊತ್ತಾಗಲೇಬೇಕು: ಖರ್ಚು ಮಾಯ ಆಗುವುದಿಲ್ಲ, ಒಂದು ಖಾತೆಯಿಂದ ಇನ್ನೊಂದು ಖಾತೆಗೆ ಹೋಗ್ತದೆ. ಇಲ್ಲಿ ಅದು ಕೇಳದೆ, ಸಹಿ ಇಲ್ಲದೆ ಬಡವರ ಖಾತೆಗೆ ಹೋಗಿದೆ.

ಹಾಗಾಗಿ ನಮ್ಮ ಅಭಿಪ್ರಾಯ ಇಷ್ಟು. ಮಣ್ಣಿನ ಪರೀಕ್ಷೆ, ಮದ್ದು, ನೀರಿನ ದಾರಿ, ಈ ಮೂರಕ್ಕೂ ಗುತ್ತಿಗೆಯಲ್ಲಿ ಬೇರೆಯೇ ದುಡ್ಡು ಇಡಬೇಕು. ಅದನ್ನು ಉಳಿಸಿ ಲಾಭ ಮಾಡಿಕೊಳ್ಳಲಿಕ್ಕೆ ಬಿಡಬಾರದು. ಕಡಿದ ಗುಡ್ಡೆಯ ಮೇಲಿನ ಮನೆಗಳನ್ನೂ ರಸ್ತೆಯ ಭಾಗ ಅಂತಲೇ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಅಲ್ಲಿ ಬಿರುಕು ಬಿದ್ದರೆ ಆ 15 ವರ್ಷವೂ ರಸ್ತೆ ಮಾಡಿದವರೇ ಹೊಣೆ. ಮತ್ತೆ, ಪರೀಕ್ಷೆಯ ವರದಿ ಪಂಚಾಯತು ಕಚೇರಿಯಲ್ಲಿ ಎಲ್ಲರೂ ನೋಡುವ ಹಾಗೆ ಇರಬೇಕು.

"ಇಷ್ಟು ಪ್ರಶ್ನೆ ಕೇಳಿದರೆ ರಸ್ತೆ ಆಗುವುದು ಯಾವಾಗ? ನೀವು ಅಭಿವೃದ್ಧಿಯ ವಿರೋಧಿಗಳಾ?" ಈ ಮಾತು ಬಂದೇ ಬರ್ತದೆ. ನಮಗೆ ರಸ್ತೆ ಬೇಕು. ಬೇರೆಯವರಿಗಿಂತ ಜಾಸ್ತಿ ಬೇಕು. ನಮ್ಮ ರೋಗಿಗಳು ಮಂಗಳೂರಿನ ಆಸ್ಪತ್ರೆಗೆ ಹೋಗುವುದು ಇದರಲ್ಲೇ, ಮಕ್ಕಳು ಕಾಲೇಜಿಗೆ ಹೋಗುವುದು ಇದರಲ್ಲೇ. 2020ರ ಲಾಕ್‌ಡೌನಿನಲ್ಲಿ ತಲಪಾಡಿಯಲ್ಲಿ ರಸ್ತೆ ಮುಚ್ಚಿದಾಗ ಕಾಸರಗೋಡಿನವರು ಎಂತ ಅನುಭವಿಸಿದರು ಅಂತ ಮರೆಯಲಿಕ್ಕೆ ಆಗ್ತದಾ? ರಸ್ತೆ ನಿಂತರೆ ಜೀವ ನಿಲ್ಲುತ್ತದೆ ಅಂತ ಆಗ ಕಲಿತಿದ್ದೇವೆ. ಆದ್ದರಿಂದಲೇ ಹೇಳುವುದು, ಮಳೆಗಾಲದಲ್ಲಿ ನಿಲ್ಲದ ರಸ್ತೆ ಬೇಕು. ಬೇಸಗೆಯಲ್ಲಿ ಮಾತ್ರ ಓಡುವ ಹೆದ್ದಾರಿ ಯಾರಿಗೆ ಬೇಕು?

ಒಂದು ಮಾತು ಭಾಷೆಯ ಬಗ್ಗೆ, ಯಾಕೆಂದರೆ ಇಲ್ಲಿ ಅದು ಜೀವದ ವಿಷಯ. ಗುಡ್ಡೆಯ ಮೇಲಿನ ಮನೆಗೆ "ಜಾಗ ಖಾಲಿ ಮಾಡಿ" ಅಂತ ಅಂಟಿಸುವ ನೋಟಿಸು ಆ ಮನೆಯ ಅಜ್ಜಿಗೆ ಓದಲಿಕ್ಕೆ ಬರಬೇಕು. ಕನ್ನಡದ ಅಜ್ಜಿಗೆ ಕನ್ನಡದಲ್ಲಿ ಕೊಡಬೇಕು. ಕಾಸರಗೋಡಿನ ಕನ್ನಡಿಗರು ಇಲ್ಲಿನ ರಾಜ್ಯ ಸರಕಾರದ ಕಚೇರಿಗಳಿಗೆ ಕನ್ನಡದಲ್ಲೇ ಬರೆಯಬಹುದು ಅಂತ ಕೇರಳದ 1969ರ ಭಾಷಾ ಕಾಯ್ದೆಯಲ್ಲೇ ಉಂಟು. ವಿಲೇಜ್ ಆಫೀಸಿಗೆ, ಪಂಚಾಯತಿಗೆ ದೂರು ಕೊಡುವಾಗ ಆ ಹಕ್ಕನ್ನು ಬಳಸಿ. ಹೆದ್ದಾರಿ ಪ್ರಾಧಿಕಾರ ಕೇಂದ್ರದ್ದು, ಅವರಿಗೆ ಮಾಹಿತಿ ಹಕ್ಕಿನ ಅರ್ಜಿ ಇಂಗ್ಲಿಷಿನಲ್ಲಿ ಹಾಕಿ. ಹತ್ತು ರೂಪಾಯಿ ಶುಲ್ಕ, 30 ದಿನದಲ್ಲಿ ಉತ್ತರ ಕೊಡಬೇಕು.

ಎಂತ ಕೇಳುವುದು ಅಂತ ಗೊತ್ತಾಗದಿದ್ದರೆ ನಾಲ್ಕೇ ಪ್ರಶ್ನೆ ಸಾಕು. ನಮ್ಮ ಊರಿನಲ್ಲಿ ಎಲ್ಲೆಲ್ಲಿ ಬೋರ್ ಹೊಡೆದು ಮಣ್ಣು ತೆಗೆದು ನೋಡಿದ್ದೀರಿ, ಎಷ್ಟು ಆಳ? ನೀರಿನಲ್ಲಿ ನೆನೆಸಿದ ಮೇಲೆ ಆ ಮಣ್ಣಿನ ಬಲ ಎಷ್ಟು ಬಂತು? ಕಡಿದ ಗುಡ್ಡೆಯ ಇಳಿಜಾರು ಯಾವ ಲೆಕ್ಕದ ಮೇಲೆ ಇಟ್ಟದ್ದು? ನೆತ್ತಿಯ ನೀರು ಎಲ್ಲಿಗೆ ಹೋಗ್ತದೆ, ನಕ್ಷೆ ಕೊಡಿ. ಎರಡನೆಯ ಪ್ರಶ್ನೆಯಲ್ಲಿ "ನೆನೆಸಿದ ಮೇಲೆ" ಅನ್ನುವುದನ್ನು ಬಿಡಬೇಡಿ. ಒಣ ಶೇಡಿಯ ಬಲ ನೋಡಿದರೆ ಯಾರೂ ಮೋಸ ಹೋಗ್ತಾರೆ.

ಎಂಜಿನಿಯರಿಂಗ್ ಓದುವ ನಮ್ಮ ಗಡಿನಾಡಿನ ಮಕ್ಕಳಿಗೆ ಒಂದು ಕೋರಿಕೆ. ಕೊನೆಯ ವರ್ಷದ ಪ್ರಾಜೆಕ್ಟಿಗೆ ಎಲ್ಲೆಲ್ಲಿಯದ್ದೋ ವಿಷಯ ಹುಡುಕುವ ಬದಲು ನಿಮ್ಮ ಮನೆ ಹಿಂದಿನ ಗುಡ್ಡೆಯ ಮಣ್ಣನ್ನು ತೆಗೆದುಕೊಂಡು ಹೋಗಿ. ಶೇಡಿ, ಎರೆ, ಮರಳು ಮಣ್ಣು, ಯಾವುದಾದರೂ ಆಗ್ತದೆ. ಬಂದ ಅಂಕೆಯನ್ನು ಕನ್ನಡದಲ್ಲಿ ಒಂದು ಪುಟ ಬರೆದು ಪಂಚಾಯತಿಗೆ ಕೊಡಿ. ನಮ್ಮ ಹತ್ತಿರ ಹೆಸರು ಉಂಟು, ಅಂಕೆ ಇಲ್ಲ. ಅವರ ಹತ್ತಿರ ಅಂಕೆ ಉಂಟು, ತೋರಿಸುವುದಿಲ್ಲ.

ಆ ಅಕ್ಕ ಮೊನ್ನೆ ಪುನಃ ಬಂದಿದ್ದರು. ಸಾಲ ಕೇಳಲಿಕ್ಕೆ ಅಲ್ಲ, ಕಂತು ಕಟ್ಟಲಿಕ್ಕೆ. ಬಿರುಕು ಬಿದ್ದ ಮನೆಗೂ ಕಂತು ತಪ್ಪಿಸಲಿಲ್ಲ. ರಶೀದಿ ಕೊಡುವಾಗ ಅಂಗಳ ಹೇಗುಂಟು ಅಂತ ಕೇಳಿದೆವು. "ಬಿರುಕಿಗೆ ಟಾರ್ಪಾಲು ಹಾಸಿದ್ದೇನೆ, ನೀರು ಇಳಿಯಬಾರದಲ್ಲ" ಅಂದರು.

ನೀರು ಇಳಿಯಬಾರದು. ಇಡೀ ವಿಷಯದ ಮೂಲ ಅಕ್ಕನಿಗೆ ಗೊತ್ತುಂಟು. ಅದನ್ನು ಗೊತ್ತಿರಬೇಕಾದವರಿಂದ ಮಾಡಿಸುವ ಕೆಲಸ ನಮ್ಮದು. ಮುಂದಿನ ಜೂನಿಗೆ ಮೊದಲು ಅರ್ಜಿ ಹಾಕಿ.